ಹಳೆಯ ಮಾರುತಿ 800ಕ್ಕೆ ವಿಜಯಪುರದಲ್ಲಿ ಸಿಕ್ಕ ಒಳ್ಳೆಯ ಗ್ಯಾರೇಜು
ಹೆದ್ದಾರಿಯಲ್ಲಿ ಚೆನ್ನಾಗಿಯೇ ಓಡುತ್ತಿದ್ದ ನಮ್ಮ ಹಳೆಯ ಮಾರುತಿ 800, ಗಾಂಧಿ ಚೌಕದ ದಟ್ಟಣೆಯಲ್ಲಿ ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟುತ್ತಿತ್ತು. ಬೇರೊಂದು ಕಡೆ ಬಾನೆಟ್ ತೆರೆದು ನೋಡದೆಯೇ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನೊಳಗೆ ನೀರು, ಎಣ್ಣೆ ಬೆರೆಯದಂತೆ ತಡೆಯುವ ಪದರ) ಬದಲಿಸಬೇಕೆಂದು ಹೇಳಿದ್ದರು. ಸೋಲಾಪುರ ರಸ್ತೆಯ ಈ ಚಿಕ್ಕ ಗ್ಯಾರೇಜಿನ ಮೆಕ್ಯಾನಿಕ್ ಮಾತ್ರ ಎಂಜಿನ್ ಪೂರ್ತಿ ಆರುವವರೆಗೆ ರೇಡಿಯೇಟರ್ ಮುಚ್ಚಳವನ್ನು ಮುಟ್ಟಲಿಲ್ಲ. ಬಿಸಿಯಿದ್ದಾಗ ತೆರೆದರೆ ಒತ್ತಡದಲ್ಲಿರುವ ಕುದಿನೀರು ಮೈಮೇಲೆ ಚಿಮ್ಮುತ್ತದೆ.

“ಗಾಡಿ ಓಡುವಾಗ ಗಾಳಿ ತಾನಾಗೇ ಬಡಿತೈತ್ರಿ, ನಿಂತಾಗ ಫ್ಯಾನೇ ತಿರಗಬೇಕು” ಎನ್ನುತ್ತ ಅವರು ಎಂಜಿನ್ ಬಿಸಿಯಾದಾಗ ಫ್ಯಾನನ್ನು ತಾನಾಗೇ ಹಚ್ಚುವ ಸ್ವಿಚ್ಚಿನ ಎರಡು ವೈರುಗಳನ್ನು ತಂತಿಯ ತುಂಡಿನಿಂದ ಕೂಡಿಸಿದೊಡನೆ ಫ್ಯಾನ್ ತಿರುಗಿತು. ಮೋಟರು ಸರಿಯಿದೆ, ಕೆಟ್ಟಿರುವುದು ಸ್ವಿಚ್ಚು ಎಂಬುದು ಅಲ್ಲಿಗೆ ಖಚಿತವಾಯಿತು. ಎಣ್ಣೆಯ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್‌ನ ಎಣ್ಣೆಯಲ್ಲಿ ಹಾಲಿನಂತಹ ಬಿಳುಪು ಇಲ್ಲದಿರುವುದನ್ನೂ ತೋರಿಸಿದರು; ಗ್ಯಾಸ್ಕೆಟ್ ಕೆಟ್ಟು ಎಣ್ಣೆಗೆ ನೀರು ಸೇರಿದ್ದರೆ ಆ ಬಿಳುಪು ಕಾಣುತ್ತಿತ್ತು. ಬೋರ್‌ವೆಲ್ ನೀರಿನ ಸುಣ್ಣ ರೇಡಿಯೇಟರಿನೊಳಗೆ ಗಟ್ಟಿಯಾಗಿ ಕುಳಿತಿತ್ತು; ಅದನ್ನು ತೊಳೆದು, ಕೂಲಂಟನ್ನೂ ಡಿಸ್ಟಿಲ್ಡ್ ನೀರನ್ನೂ ಸಮವಾಗಿ ಬೆರೆಸಿ ತುಂಬಿದರು. ನಲ್ಲಿ ನೀರಿನಿಂದಲೇ ಕಾಲ ತಳ್ಳುವವರು ಇದನ್ನು ಗಮನಿಸಲೇಬೇಕು.

ಗ್ಯಾರೇಜಿನಲ್ಲಿ ಕೂರಲು ನೆರಳಿಲ್ಲ, ಬಿಲ್ಲಿನಲ್ಲಿ ಬಿಡಿಭಾಗ ಮತ್ತು ಕೂಲಿಯನ್ನು ಬೇರೆ ಬೇರೆಯಾಗಿ ಬರೆಯುವುದಿಲ್ಲ, ಇವೆರಡೂ ಸುಧಾರಿಸಬೇಕು. ತೆಗೆದ ಹಳೆಯ ಸ್ವಿಚ್ಚನ್ನು ಮಾತ್ರ ಕೇಳದೆಯೇ ನನ್ನ ಕೈಗಿತ್ತರು. ಈ ಬಿಸಿಲಿನಲ್ಲೂ ಮುಳ್ಳು ಈಗ ನಡುಗೆರೆ ದಾಟುತ್ತಿಲ್ಲ.