ಅಕ್ಕನ ಜೆರಾಕ್ಸ್ ಅಂಗಡಿಗೆ ಯಾವ ಲಿನಕ್ಸ್? ಮೂರನ್ನು ಓಡಿಸಿ ನೋಡಿದೆ

ತಿಪಟೂರಿನಲ್ಲಿ ಅಕ್ಕನದೊಂದು ಜೆರಾಕ್ಸ್ ಅಂಗಡಿ ಇದೆ. ಅರ್ಜಿ ಟೈಪಿಂಗ್, ಪ್ರಿಂಟ್, ಪಹಣಿ ತೆಗೆದುಕೊಡುವುದು, ಎಲ್ಲಕ್ಕೂ ಒಂದೇ ಕಂಪ್ಯೂಟರ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ಅಂಗಡಿಯ ಕಂಪ್ಯೂಟರಿನ ಹಳೇ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಹೊಸದು ತಗೋ ಅಂದೆ. "ಇದು ಚೆನ್ನಾಗೇ ಓಡ್ತಿದೆಯಲ್ಲೋ" ಅಂದಳು.

ಸರಿ, ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್‌ನ ಮೂರು ಬಗೆಗಳನ್ನು ಮೂರು ಪೆನ್‌ಡ್ರೈವ್‌ಗೆ ಹಾಕಿ ತಯಾರು ಮಾಡಿದೆ: ಎಲಿಮೆಂಟರಿ ಓಎಸ್ 8, ಉಬುಂಟು 24.04, ಲಿನಕ್ಸ್ ಮಿಂಟ್ 22. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದಲ್ಲ. ಅಂಗಡಿ ಬಾಗಿಲು ಹಾಕಿದ್ದ ಮೂರು ಭಾನುವಾರ ಅಕ್ಕನ ಕೈಗೆ ಮೌಸ್ ಕೊಟ್ಟು ನಾನು ಸುಮ್ನೆ ಪಕ್ಕದಲ್ಲಿ ಕೂತೆ. ಈ ಮೂರರ ತಳಪಾಯವೂ ಒಂದೇ, ಉಬುಂಟು 24.04. ಬೇರೆಯಾಗಿರುವುದು ಹೆಚ್ಚಾಗಿ ಮುಖ, ಅಂದರೆ ತೆರೆಯ ಮೇಲೆ ಕಾಣುವ ರೂಪ. ಆದ್ದರಿಂದಲೇ ಈ ಹೋಲಿಕೆ ನನಗೆ ಮಜಾ ಅನ್ನಿಸಿತು.

ನೋಡೋಕೆ ಎಲಿಮೆಂಟರಿಯೇ ಚೆಂದ. ಅಕ್ಕನೂ ಹಾಗೇ ಅಂದಳು. ಐದು ನಿಮಿಷ ಆದಮೇಲೆ ಕೇಳಿದಳು: "ಇದನ್ನ ಕೆಳಗೆ ಇಳಿಸೋದು ಎಲ್ಲೋ?" ಕಿಟಕಿಯ ಎಡ ಮೂಲೆಯಲ್ಲಿ ಮುಚ್ಚುವ ಗುಂಡಿ, ಬಲ ಮೂಲೆಯಲ್ಲಿ ದೊಡ್ಡದು ಮಾಡುವ ಗುಂಡಿ. ಮಿನಿಮೈಸ್ ಇಲ್ಲವೇ ಇಲ್ಲ. ಇದು ಮರೆತು ಬಿಟ್ಟಿದ್ದಲ್ಲ, ಬೇಕಂತಲೇ ಬಿಟ್ಟಿದ್ದು. ಎಲಿಮೆಂಟರಿ ಕಟ್ಟಿದವರ ವಾದ ಹೀಗಿದೆ: ಆಪ್ ಮುಚ್ಚಿ ಮತ್ತೆ ತೆಗೆದರೆ ಅದು ಬಿಟ್ಟ ಜಾಗದಿಂದಲೇ ಶುರುವಾಗಬೇಕು. ಹಾಗಾದರೆ ಮಿನಿಮೈಸ್ ಯಾಕೆ? ವಾದ ಸರಿಯಾಗೇ ಇದೆ, ಅವರದೇ ಆಪ್‌ಗಳಿಗೆ. ಆದರೆ ಅಕ್ಕ ದಿನವಿಡೀ ಬಳಸುವುದು ಲಿಬ್ರೆ ಆಫೀಸ್, ಎಂಎಸ್ ಆಫೀಸ್‌ನಂಥದೇ ಉಚಿತ ತಂತ್ರಾಂಶ. ಅರ್ಧ ಟೈಪ್ ಮಾಡಿದ ಅರ್ಜಿಯನ್ನು ಮುಚ್ಚಲು ಹೋದರೆ ಸೇವ್ ಮಾಡಲಾ ಅಂತ ಕೇಳುತ್ತದೆ. ಅಷ್ಟರಲ್ಲಿ ಇನ್ನೊಬ್ಬರು ಬಂದು "ಇದೊಂದು ಪ್ರಿಂಟ್ ಕೊಡಿ ಮೇಡಂ" ಅಂತ ನಿಂತಿರುತ್ತಾರೆ. ಅಕ್ಕನ ಕೆಲಸವೇ ಹಾಗೆ. ಒಂದನ್ನು ಅರ್ಧಕ್ಕೆ ಬಿಟ್ಟು ಇನ್ನೊಂದು ಹಿಡಿಯಬೇಕು.

ಡೆಸ್ಕ್‌ಟಾಪ್ ಮೇಲೆ ಫೈಲ್ ಇಡುವುದಕ್ಕೂ ಅಲ್ಲಿ ಜಾಗ ಇಲ್ಲ. ಹಿಂದೆ ಒಂದು ಚಿತ್ರ, ಅಷ್ಟೇ. ಅಕ್ಕನ ಡೆಸ್ಕ್‌ಟಾಪ್ ನೋಡಬೇಕು ನೀವು. "ಆಧಾರ್ 2", "ಅರ್ಜಿ ಹೊಸದು", "ಅರ್ಜಿ ಹೊಸದು ಫೈನಲ್"... ಗೊಂದಲ ಅಂತ ನನಗೆ ಕಾಣುತ್ತದೆ. ಅವಳಿಗೆ ಅದೇ ಗಲ್ಲಾಪೆಟ್ಟಿಗೆ ಪಕ್ಕದ ಮೇಜು. ಸಂಜೆ ಬಾಗಿಲು ಹಾಕುವಾಗ ಎಲ್ಲ ಅಳಿಸಿಬಿಡುತ್ತಾಳೆ.

ಉಬುಂಟುವಿನದು ನಡುವಿನ ದಾರಿ. ಅದರ ಮುಖ ಗ್ನೋಮ್. 2011ರಲ್ಲಿ ಗ್ನೋಮ್ 3 ಬಂದಾಗ ಟಾಸ್ಕ್‌ಬಾರ್ ಹೋಯಿತು, ಜೊತೆಗೆ ಮಿನಿಮೈಸ್ ಗುಂಡಿಯೂ ಹೋಯಿತು. ಉಬುಂಟುವಿನವರು ತಮ್ಮ ಗ್ನೋಮ್‌ಗೆ ಗುಂಡಿ ಮತ್ತೆ ಹಚ್ಚಿದ್ದಾರೆ. ಎಡಕ್ಕೆ ಡಾಕ್ (ಆಪ್‌ಗಳ ಚಿಹ್ನೆಗಳ ಪಟ್ಟಿ) ಇಟ್ಟಿದ್ದಾರೆ, ಡೆಸ್ಕ್‌ಟಾಪ್ ಮೇಲೆ ಫೈಲ್ ಇಡಲೂ ಬಿಟ್ಟಿದ್ದಾರೆ. ಅಕ್ಕ ಹೊಂದಿಕೊಂಡಳು, ಆದರೆ ಕಣ್ಣು ಮಾತ್ರ ಪ್ರತಿಸಲ ಕೆಳಗಿನ ಎಡ ಮೂಲೆಗೇ ಹೋಗುತ್ತಿತ್ತು.

ಮಿಂಟ್ ಕೊಟ್ಟ ಭಾನುವಾರ ಹತ್ತು ನಿಮಿಷ ಅವಳು ನನ್ನನ್ನು ಏನೂ ಕೇಳಲಿಲ್ಲ. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಬಲದಲ್ಲಿ ಗಡಿಯಾರ. ಗ್ನೋಮ್ 3 ಹಿಡಿಸದೆ, ಅದರ ಕೋಡನ್ನೇ ಕವಲೊಡೆಸಿ ಮಿಂಟ್‌ನವರು ಕಟ್ಟಿಕೊಂಡ ಮುಖ ಇದು, ಹೆಸರು ಸಿನಮನ್. ಹೊಸತನ ಇಲ್ಲ ಅಂತ ಮೂಗು ಮುರಿಯುವವರಿದ್ದಾರೆ. ನಾನೂ ಮುರಿಯುತ್ತಿದ್ದೆ. ಮಿಂಟ್ ಜೊತೆಗೆ ಟೈಮ್‌ಶಿಫ್ಟ್ ಎಂಬ ಸೌಲಭ್ಯವೂ ಇದೆ. ಅಪ್‌ಡೇಟ್ ಕೈಕೊಟ್ಟರೆ ಸಿಸ್ಟಮ್ಮನ್ನು ಹಿಂದಿನ ಸ್ಥಿತಿಗೆ ಒಯ್ಯಬಹುದು. ನೆನಪಿರಲಿ, ಅದನ್ನು ನಾವೇ ಶುರು ಮಾಡಬೇಕು, ಮತ್ತು ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು ನಮ್ಮ ಸ್ವಂತ ಫೈಲ್‌ಗಳನ್ನು ಉಳಿಸುವುದಿಲ್ಲ. ಎಲಿಮೆಂಟರಿಯಲ್ಲಾದರೆ ಆವೃತ್ತಿ 7ರಿಂದ 8ಕ್ಕೆ ಹೋಗಬೇಕಾದರೆ ಮತ್ತೆ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. ಅಂಗಡಿಗೆ ಅದು ಆಗುವ ಮಾತಲ್ಲ.

ಕನ್ನಡದ ವಿಷಯದಲ್ಲಿ ಮಾತ್ರ ಮೂವರಿಗೂ ನನ್ನ ಬೈಗುಳ ಇದೆ. ಅಕ್ಕನ ಬೆರಳಿಗೆ ಗೊತ್ತಿರುವುದು ನುಡಿ ತಂತ್ರಾಂಶದ ಕೀಲಿಮಣೆ. "ಕನ್ನಡ" ಅಂತ ಹೊಡೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು. ಕೆ. ಪಿ. ರಾವ್ ಅವರು ರೂಪಿಸಿದ ಇದೇ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ. ಆದರೆ ನಾನು ಐಬಸ್‌ಗೆ (ಬೇರೆ ಭಾಷೆಯಲ್ಲಿ ಟೈಪ್ ಮಾಡಲು ಬಿಡುವ ತಂತ್ರಾಂಶ) ಎಂ17ಎನ್ ಎಂಬ ಹೆಚ್ಚುವರಿ ಪ್ಯಾಕೇಜ್ ಹಾಕಿ, ಪಟ್ಟಿಯಲ್ಲಿ "ಕೆಜಿಪಿ" ಅಂತ ಹುಡುಕಬೇಕಾಯಿತು. ನುಡಿ ಎಂಬ ಹೆಸರು ಆ ಪಟ್ಟಿಯಲ್ಲಿ ನನಗೆ ಕಾಣಲಿಲ್ಲ. ಕೆಜಿಪಿ ಅಂದರೆ ಕನ್ನಡ ಗಣಕ ಪರಿಷತ್ತು ಅಂತ ಜೆರಾಕ್ಸ್ ಅಂಗಡಿಯವರಿಗೆ ಯಾರು ಹೇಳಬೇಕು? ಒಂದು ಗುಂಡಿಯ ಜಾಗಕ್ಕೆ ಅಷ್ಟು ತಲೆಕೆಡಿಸಿಕೊಳ್ಳುವವರು ಈ ಒಂದು ಸಾಲಿಗೂ ಕೆಡಿಸಿಕೊಳ್ಳಬಹುದಿತ್ತು, ಅಲ್ವಾ?

ಅಂಗಡಿಗೆ ಮಿಂಟ್ ಹಾಕಿದ್ದಾಯಿತು. ಎಲಿಮೆಂಟರಿ ನನ್ನ ಲ್ಯಾಪ್‌ಟಾಪ್‌ನಲ್ಲಿ ಉಳಿದಿದೆ. ನನ್ನ ಹತ್ತಿರ ಯಾರೂ ಪ್ರಿಂಟ್ ಕೇಳಿಕೊಂಡು ಬರುವುದಿಲ್ಲ. ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಮುಂಚಿನ ನುಡಿ ಫಾಂಟಿನ ಹಳೇ ಕರಾರು ಪತ್ರಗಳು ಲಿಬ್ರೆ ಆಫೀಸ್‌ನಲ್ಲಿ ವಿಚಿತ್ರ ಗುರುತುಗಳಾಗಿ ತೆರೆದುಕೊಂಡವು. ಆ ಫಾಂಟ್‌ಗಳನ್ನು ಹಾಕಿದ ಮೇಲೆ ಓದಲು ಬಂದವು. ತಿದ್ದಬೇಕಾದವನ್ನು ಮಾತ್ರ ಅಕ್ಕ ಯೂನಿಕೋಡ್‌ಗೆ ಬದಲಿಸಿಕೊಳ್ಳುತ್ತಿದ್ದಾಳೆ, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ.