ಕಲಬುರಗಿಯ ಬೇಸಿಗೆಗೆ ಯಾವ ಹೆಡ್‌ಫೋನ್ ಆಂಪ್? ಮೂರನ್ನು ಬಳಸಿ ನೋಡಿದ ಮೇಲೆ

ಆಂಪ್ ಎಂದರೆ ಹೆಡ್‌ಫೋನಿಗೆ ಹೋಗುವ ಧ್ವನಿಗೆ ಬಲ ಕೊಡುವ ಸಣ್ಣ ಪೆಟ್ಟಿಗೆ; ಕ್ಲಾಸ್ ಎ, ಕ್ಲಾಸ್ ಎಬಿ ಎನ್ನುವುದು ಅದರ ಒಳಗೆ ವಿದ್ಯುತ್ ಹರಿಸುವ ಬಗೆಗಳ ಹೆಸರು. ಮೂರರಲ್ಲಿ ನನಗೆ ಒಗ್ಗಿದ್ದು ಐದೂವರೆ ಸಾವಿರ ರೂಪಾಯಿಯ ಕ್ಲಾಸ್ ಎಬಿ ಆಂಪ್. ಬರಿಯ ಅಲ್ಯೂಮಿನಿಯಂ ಪೆಟ್ಟಿಗೆ, ಒಂದು ಗುಂಡಿ, ಧ್ವನಿಯನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂದು ಆರಿಸುವ ಒಂದು ಗೇನ್ ಸ್ವಿಚ್, ಅಷ್ಟೇ. ಅದಕ್ಕಿಂತ ಮೊದಲು ಹದಿನಾಲ್ಕು ಸಾವಿರ ಕೊಟ್ಟು ತರಿಸಿದ್ದ ಕ್ಲಾಸ್ ಎ ಆಂಪ್ ಏಪ್ರಿಲ್ ಹೊತ್ತಿಗೆ ಕೈಯಲ್ಲಿ ಹಿಡಿಯಲಾಗದಷ್ಟು ಕಾಯತೊಡಗಿತು. ಮೂರನೆಯದು ಎರಡು ಸಾವಿರದ, ಮೊಬೈಲಿಗೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಡಾಂಗಲ್.

ನಾನು ಕೇಳುವುದು ಹಿಂದೂಸ್ತಾನಿ ಗಾಯನ, ಅದೂ ರಾತ್ರಿ ಹತ್ತರ ಮೇಲೆ, ಮಹಡಿಯ ಕೋಣೆಯಲ್ಲಿ. ಹೆಡ್‌ಫೋನ್ ಸೆನ್‌ಹೈಸರ್ ಎಚ್‌ಡಿ 600. ಅದರ ವಿದ್ಯುತ್ ತಡೆ 300 ಓಮ್‌ನಷ್ಟು ಹೆಚ್ಚಾದ್ದರಿಂದ ಮೊಬೈಲ್ ಒಂದನ್ನೇ ನಂಬಿದರೆ ವಿಲಂಬಿತ್ ಆಲಾಪ ದೂರದಿಂದ ಕೇಳಿದಂತಿರುತ್ತದೆ. ಮೇ ತಿಂಗಳಲ್ಲಿ ನಮ್ಮೂರಿನ ಹಗಲು 42 ಡಿಗ್ರಿ ದಾಟುತ್ತದೆ. ಹಗಲೆಲ್ಲ ಕಾದ ಛಾವಣಿ ರಾತ್ರಿ ಕೆಳಗೆ ಶಾಖ ಇಳಿಸುತ್ತಲೇ ಇರುತ್ತದೆ. ಹತ್ತು ಗಂಟೆಗೂ ಕೋಣೆಯಲ್ಲಿ 38 ಡಿಗ್ರಿ. ನಡುನಡುವೆ ಕರೆಂಟ್ ಹೋಗುತ್ತದೆ, ಹಾಗಾಗಿ ಬ್ಯಾಟರಿ ಇರುವ ಆಂಪ್ ನನಗೆ ಬೇಕೇ ಬೇಕು.

ಕ್ಲಾಸ್ ಎ ಆಂಪ್ ಕೊಟ್ಟ ತೊಂದರೆಯ ಮೂಲ ಹುಡುಕಲು ನನಗೆ ಮೂರು ವಾರ ಹಿಡಿಯಿತು. ಮೊದಲು ಕಣ್ಣಿಗೆ ಬಿದ್ದದ್ದು ಶಾಖವಲ್ಲ, ಚಾರ್ಜಿಂಗ್ ದೀಪ. ಕರೆಂಟ್ ಬಂದ ಕೂಡಲೇ ಚಾರ್ಜಿಗೆ ಹಾಕಿ ಹಾಡು ಮುಂದುವರಿಸುತ್ತಿದ್ದೆ. ಹತ್ತು ನಿಮಿಷಕ್ಕೆ ದೀಪ ಮಿನುಗಿ ಆರಿಹೋಗುತ್ತಿತ್ತು. ಬೆಳಿಗ್ಗೆ ನೋಡಿದರೆ ಬ್ಯಾಟರಿ ಅರ್ಧವೂ ತುಂಬಿರುತ್ತಿರಲಿಲ್ಲ. ಕೇಬಲ್ ಬದಲಿಸಿದೆ. ಸೂಪರ್ ಮಾರ್ಕೆಟ್‌ಗೆ ಹೋಗಿ ಹೊಸ ಚಾರ್ಜರ್ ತಂದೆ. ಆದರೂ ಅದೇ ಮಿನುಗು.

ಪಕ್ಕದ ಮನೆಯ ಹುಡುಗ ಎ.ಸಿ. ರಿಪೇರಿ ಮಾಡುತ್ತಾನೆ. ಅವನು ತನ್ನ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು ಆಂಪ್‌ನ ಹೊಳೆಯುವ ಮೈಗೆ ಹಿಡಿದಾಗ 41 ತೋರಿಸಿತು. ಬೆರಳಿಟ್ಟರೆ ಮಾತ್ರ ಎರಡು ಸೆಕೆಂಡು ತಡೆಯಲಾಗುತ್ತಿರಲಿಲ್ಲ. “ಅಣ್ಣಾ, ಹೊಳೆಯುವ ಲೋಹದ ಮೇಲೆ ಇದನ್ನು ನಂಬಬೇಡಿ” ಎಂದವನೇ ಕರಿ ಇನ್ಸುಲೇಷನ್ ಟೇಪಿನ ಒಂದು ತುಂಡು ಅಂಟಿಸಿ, ಐದು ನಿಮಿಷ ಬಿಟ್ಟು, ಟೇಪಿನ ಮೇಲೆ ಗುರಿಯಿಟ್ಟ. 58! ಹೊಳೆಯುವ ಲೋಹ ತನ್ನ ಶಾಖವನ್ನು ಕಿರಣವಾಗಿ ಬಿಡುವುದು ಕಡಿಮೆ, ಸುತ್ತಲಿನದ್ದನ್ನು ಕನ್ನಡಿಯಂತೆ ಮರಳಿಸುವುದೇ ಹೆಚ್ಚು. ಅಳೆಯುವವರು ಈ ಟೇಪನ್ನು ಮರೆಯಬಾರದು.

ಆಮೇಲೆ ಒಂದೊಂದನ್ನೇ ತೆಗೆದು ನೋಡಿದೆವು. ಹಾಡು ನಿಲ್ಲಿಸಿ ಆಂಪ್ ಹಚ್ಚಿಯೇ ಇಟ್ಟೆವು, ಶಾಖ ಇಳಿಯಲಿಲ್ಲ. ಅಂದರೆ ಧ್ವನಿಯ ಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. ಕ್ಲಾಸ್ ಎ ವಿನ್ಯಾಸವೇ ಹಾಗೆ, ಹಾಡಿರಲಿ ಇಲ್ಲದಿರಲಿ ಟ್ರಾನ್ಸಿಸ್ಟರ್‌ಗಳಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ. ನನ್ನದರಲ್ಲಿ 7.4 ವೋಲ್ಟಿನ ಬ್ಯಾಟರಿಯಿಂದ ಸುಮಾರು 300 ಮಿಲಿಆಂಪಿಯರ್, ಲೆಕ್ಕ ಹಾಕಿದರೆ ಎರಡು ವ್ಯಾಟಿಗಿಂತ ಹೆಚ್ಚು. ನಾನು ಕೇಳುವ ಮಟ್ಟದಲ್ಲಿ ಹೆಡ್‌ಫೋನಿಗೆ ಬೇಕಾದದ್ದು ಕೆಲವೇ ಮಿಲಿವ್ಯಾಟ್. ಉಳಿದದ್ದೆಲ್ಲ ಶಾಖ. ಚರ್ಮದ ಕವಚ ಬಿಚ್ಚಿದಾಗ 58 ಇದ್ದದ್ದು 54ಕ್ಕೆ ಬಂತು. ಹಾಸಿಗೆಯ ಮೇಲಿಂದ ಎತ್ತಿ ಶಹಾಬಾದ್ ಕಲ್ಲಿನ ನೆಲಕ್ಕೆ ಒತ್ತಿ ಇಟ್ಟಾಗ 51. ಕವಚ ಹಾಕಿ ಚಾರ್ಜಿಗೂ ಹಾಕಿದಾಗ 64.

ದೀಪದ ಒಗಟು ಬಿಡಿಸಿದ್ದು ಆ 64. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು. ಅದಕ್ಕೇ ಆಂಪ್‌ನ ಒಳಗಿನ ಕಾವಲು ಸರ್ಕ್ಯೂಟ್ ಚಾರ್ಜಿಂಗ್ ನಿಲ್ಲಿಸುತ್ತಿತ್ತು. ಚಾರ್ಜರ್ ಕೆಟ್ಟಿರಲಿಲ್ಲ, ಆಂಪ್ ಕೂಡ ಕೆಟ್ಟಿರಲಿಲ್ಲ. ಕೊಂಡದ್ದು ಡಿಸೆಂಬರಿನಲ್ಲಿ, ಕೋಣೆ 24 ಡಿಗ್ರಿ ಇದ್ದಾಗ. ಆಗಲೂ ಅದು ಕೋಣೆಗಿಂತ 20 ಡಿಗ್ರಿ ಹೆಚ್ಚೇ ಕಾಯುತ್ತಿತ್ತು. 44 ಎಂದರೆ ಚಳಿಗಾಲದಲ್ಲಿ ಹಿತವಾದ ಬಿಸಿ, ಹಾಗಾಗಿ ಗಮನಕ್ಕೆ ಬಂದಿರಲಿಲ್ಲ. ಈಗ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಆಂಪ್ ಎಷ್ಟು ಬಿಸಿಯಾಗುತ್ತದೆ ಎಂದು ಕೇಳಬೇಡಿ, ಕೋಣೆಗಿಂತ ಎಷ್ಟು ಹೆಚ್ಚು ಎಂದು ಕೇಳಿ, ಅದಕ್ಕೆ ನಿಮ್ಮ ಮನೆಯ ಮೇ ತಿಂಗಳನ್ನು ಕೂಡಿಸಿಕೊಳ್ಳಿ.

ಟೇಬಲ್ ಫ್ಯಾನ್ ಹಚ್ಚಿದರೆ ಆಂಪ್ ತಣ್ಣಗಾಗುತ್ತದೆ, ನಿಜ. ಆದರೆ ಎಚ್‌ಡಿ 600 ಹಿಂಬದಿ ತೆರೆದಿರುವ ಹೆಡ್‌ಫೋನ್, ಹೊರಗಿನ ಸದ್ದೂ ಕಿವಿಗೆ ಬರುತ್ತದೆ. ತಂಬೂರಿಯ ಜೊತೆ ಫ್ಯಾನೂ ಶ್ರುತಿ ಹಿಡಿದರೆ ನನಗೆ ಸಹಿಸಲಾಗದು.

ಕ್ಲಾಸ್ ಎಬಿ ಆಂಪ್ ಅದೇ ಕೋಣೆಯಲ್ಲಿ, ಅದೇ ಟೇಪಿನ ಮೇಲೆ 41 ತೋರಿಸಿತು. ಕೋಣೆಗಿಂತ ಮೂರೇ ಡಿಗ್ರಿ. ಹಾಡಿಲ್ಲದಾಗ ಅದು ಎಳೆಯುವ ವಿದ್ಯುತ್ ತೀರಾ ಕಡಿಮೆ. ಒಮ್ಮೆ ತುಂಬಿಸಿದರೆ ನನಗೆ ವಾರ ಸಾಗುತ್ತದೆ, ಹಾಗಾಗಿ ಬೆಳಗಿನ ತಂಪಿನಲ್ಲಿ, ಆಂಪ್ ಆರಿಸಿಯೇ ಚಾರ್ಜ್ ಮಾಡುತ್ತೇನೆ. ಗೇನ್ ಕೆಳಗಿನದ್ದೇ ಸಾಕು. ಧ್ವನಿಯಲ್ಲಿ ವ್ಯತ್ಯಾಸವಿಲ್ಲವೇ ಎಂದು ನನಗೂ ಅನುಮಾನವಿತ್ತು. ನಾನು ಕಣ್ಣು ಮುಚ್ಚಿ ಕೂತೆ, ನನ್ನ ತಮ್ಮ ಎರಡನ್ನೂ ಒಂದೇ ಮಟ್ಟಕ್ಕೆ ತಂದು ಏಳು ಸಲ ಬದಲಿಸಿದ. ಮೂರು ಸಲ ಮಾತ್ರ ಸರಿಯಾಗಿ ಗುರುತಿಸಿದೆ. ಎಂಟೂವರೆ ಸಾವಿರದ ಅಂತರ ನನ್ನ ಕಿವಿಗೆ ಸಿಗಲಿಲ್ಲ.

ಡಾಂಗಲ್ ಬೀದರ್ ರೈಲಿಗೆ ಸರಿ. ಸಣ್ಣ ಇಯರ್‌ಫೋನ್ ಸಿಕ್ಕಿಸಿಕೊಂಡು ಹೋಗುತ್ತೇನೆ, ಮರಗುತ್ತಿ ಸುರಂಗದ ಸದ್ದಿನಲ್ಲಿ ಸೂಕ್ಷ್ಮ ಹುಡುಕುವ ಪ್ರಶ್ನೆಯಿಲ್ಲ. ಅದು ಮೊಬೈಲಿನ ಬ್ಯಾಟರಿಯನ್ನೇ ಹೀರುತ್ತದೆ, ಕಿಸೆಯಲ್ಲಿ ಎರಡೂ ಸೇರಿ ಕಾಯುತ್ತವೆ.

ಯಾವುದನ್ನೇ ಇಟ್ಟುಕೊಂಡಿರಲಿ, ಹಿಂಬದಿಯ ಮುಚ್ಚಳ ಕೂದಲೆಳೆಯಷ್ಟು ಉಬ್ಬಿದರೂ ಆ ಕ್ಷಣವೇ ಬಳಕೆ ನಿಲ್ಲಿಸಿ, ಚಾರ್ಜಿಗೆ ಹಾಕಬೇಡಿ. ಅದು ಬ್ಯಾಟರಿ ಉಬ್ಬಿರುವ ಗುರುತು.

ಕ್ಲಾಸ್ ಎ ಆಂಪನ್ನು ಬೆಂಗಳೂರಿನಲ್ಲಿ ಓದುತ್ತಿರುವ ತಂಗಿಯ ಮಗನಿಗೆ ಕಳುಹಿಸಿದೆ, ಕವಚ ಬಿಚ್ಚಿ, ಕರಿ ಟೇಪು ಹಾಗೇ ಇಟ್ಟು. ಅವನ ಕೋಣೆ 26 ಡಿಗ್ರಿ, ಆಂಪ್ 42. ಚಾರ್ಜಿಂಗ್ ದೀಪ ರಾತ್ರಿಯೆಲ್ಲ ನಿಶ್ಚಲವಾಗಿ ಉರಿಯಿತಂತೆ.