ಎರಡು ವ್ಯಾಂಪೈರ್ ಪ್ರೇಮಕಥೆಗಳು, ಎರಡು ಬಗೆಯ ಕುತೂಹಲ

ಪಿಯುಸಿ ಓದುವ ಅಕ್ಕನ ಮಗಳಿಗೆ ವ್ಯಾಂಪೈರ್, ಅಂದರೆ ರಕ್ತ ಹೀರುವ ಪಿಶಾಚಿಯ, ಪ್ರೇಮಕಥೆಯೇ ಬೇಕಿತ್ತು. ಕಲಬುರಗಿಯ ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಹಾಗಾಗಿ ಸ್ಟೆಫನಿ ಮೇಯರ್ ಅವರ ‘ಟ್ವಿಲೈಟ್’ (2005) ಮತ್ತು ಶೆರಿಡನ್ ಲೆ ಫಾನು ಅವರ ‘ಕಾರ್ಮಿಲ್ಲಾ’ (1872) ಕಾದಂಬರಿಗಳನ್ನು ಇಬ್ಬರೂ ಒಂದಾದ ಮೇಲೊಂದು ಓದಿದೆವು.

‘ಟ್ವಿಲೈಟ್’ನ ನಾಯಕ ಎಡ್ವರ್ಡ್ ವ್ಯಾಂಪೈರ್ ಎಂಬುದನ್ನು ಪುಸ್ತಕದ ಹಿಂಬದಿಯೇ ಹೇಳಿಬಿಡುತ್ತದೆ. ಆದರೂ ತಣ್ಣನೆಯ ಕೈ, ಬಣ್ಣ ಬದಲಿಸುವ ಕಣ್ಣು, ಮುಟ್ಟದೆ ಬಿಟ್ಟ ಊಟ ಎಂದು ಅಧ್ಯಾಯಗಟ್ಟಲೆ ಸುಳಿವುಗಳು. ನಾಯಕಿ ಬೆಲ್ಲಾ ಅದನ್ನು ಊಹಿಸುವವರೆಗೆ ನಾವು ಕಾಯಬೇಕು. ನಿಜವಾದ ಶತ್ರು ಜೇಮ್ಸ್ ಬರುವುದು ಬೇಸ್‌ಬಾಲ್ ಆಟದ ಹೊತ್ತಿಗೆ. ಆಗಲೇ ಕಥೆಯ ಮುಕ್ಕಾಲು ಪಾಲು ಮುಗಿದಿರುತ್ತದೆ. ಈ ಖಾಲಿತನವನ್ನು ಮುಚ್ಚಲು ಕೊನೆಯ ಸಾವಿನ ದವಡೆಯ ದೃಶ್ಯದ ತುಣುಕೊಂದನ್ನು ಪೀಠಿಕೆಯಾಗಿ ಮುಂದಿಟ್ಟಿದ್ದಾರೆ. ಅಷ್ಟು ಕಾಯಿಸಿದ ಮೇಲಾದರೂ ಕಾಳಗ ಕಣ್ಣೆದುರು ನಡೆಯಬೇಕಲ್ಲವೇ? ಇಲ್ಲ, ಆಗ ಬೆಲ್ಲಾ ಅರೆಪ್ರಜ್ಞೆಯಲ್ಲಿರುತ್ತಾಳೆ. ನನಗೆ ಸಿಟ್ಟು ಬಂದಿದ್ದು ಅಲ್ಲಿಯೇ, ಏಕೆಂದರೆ ಈ ಲೇಖಕಿಗೆ ಬರೆಯಲು ಬರುತ್ತದೆ. ಜೀವಶಾಸ್ತ್ರದ ತರಗತಿಯಲ್ಲಿ ಪಕ್ಕ ಕುಳಿತ ಹುಡುಗಿಯ ವಾಸನೆಗೆ ಎಡ್ವರ್ಡ್ ಮೈ ಬಿಗಿಹಿಡಿದು ಕೂರುವ ದೃಶ್ಯ ಎಷ್ಟು ಚೆನ್ನಾಗಿದೆ! ಪ್ರೀತಿಸಿದವಳ ರಕ್ತಕ್ಕೇ ಬಾಯಾರುವವನು ತನ್ನನ್ನು ಎಷ್ಟು ಕಾಲ ತಡೆದುಕೊಂಡಾನು? ಕಥೆಯನ್ನು ನಡೆಸಲು ಆ ಪ್ರಶ್ನೆಯೊಂದೇ ಸಾಕಿತ್ತು.

‘ಕಾರ್ಮಿಲ್ಲಾ’ದಲ್ಲಿಯೂ ಗುಟ್ಟು ಬೇಗ ಬಯಲಾಗುತ್ತದೆ. ಗಾಡಿ ಉರುಳಿ, ಕಾರ್ಮಿಲ್ಲಾ ಎಂಬ ಅಪರಿಚಿತ ಹುಡುಗಿಯೊಬ್ಬಳು ನಾಯಕಿ ಲಾರಾಳ ಮನೆಯಲ್ಲಿ ಉಳಿದಾಗಲೇ ನಮಗೆ ಅನುಮಾನ. ಆದರೆ ಲೇಖಕರು ನಮ್ಮ ತಿಳಿವಳಿಕೆಯನ್ನೇ ಬಂಡವಾಳ ಮಾಡಿಕೊಳ್ಳುತ್ತಾರೆ. ನಮ್ಮ ಕಡೆಯ ಕೀಚಕವಧೆ ಆಟದಲ್ಲಿ ಮುಸುಕು ಹೊದ್ದು ಮಲಗಿದವನು ಭೀಮನೆಂದು ಕೀಚಕನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತು. ಹಾಗೆಂದು ಯಾರೂ ಎದ್ದು ಹೋಗುವುದಿಲ್ಲ. ಇಲ್ಲಿಯೂ ಹಾಗೆಯೇ. 1698ರ ಹಳೆಯ ಚಿತ್ರವೊಂದನ್ನು ಶುಚಿಗೊಳಿಸಿದಾಗ ಅದರಲ್ಲಿ ಕಾರ್ಮಿಲ್ಲಾಳ ಮುಖ, ಕತ್ತಿನ ಮಚ್ಚೆಯ ಸಮೇತ ಕಾಣುತ್ತದೆ. ಲಾರಾ ಬೆಚ್ಚಿಬೀಳುವುದಿಲ್ಲ, ಅದನ್ನು ತನ್ನ ಕೋಣೆಯಲ್ಲಿ ತೂಗುಹಾಕಲು ಅಪ್ಪನ ಅನುಮತಿ ಕೇಳುತ್ತಾಳೆ! “ಮಾಮಾ, ಅವಳಿಗೆ ಯಾರಾದರೂ ಹೇಳಬಾರದೇ?” ಎಂದು ಅಕ್ಕನ ಮಗಳು ಪುಸ್ತಕ ಕೆಳಗಿಟ್ಟಳು. ‘ಟ್ವಿಲೈಟ್’ ಓದುವಾಗ ಅವಳು ಕೇಳುತ್ತಿದ್ದುದು, “ಏನಾದರೂ ಆಗುವುದು ಯಾವಾಗ?”

ಹಳೆಯದರಲ್ಲೂ ಕೊರತೆಯಿದೆ. ಸಾಕಿದ ಹುಡುಗಿಯನ್ನು ಕಳೆದುಕೊಂಡ ಜನರಲ್ ತನ್ನ ಕಥೆ ಹೇಳಲು ಕುಳಿತರೆ, ನಮಗೆ ಗೊತ್ತಿರುವುದನ್ನೇ ಹಲವು ಪುಟ ಮತ್ತೆ ಹೇಳುತ್ತಾನೆ. ಇಂಗ್ಲಿಷ್ ಕೂಡ ಹಳೆಯ ಕಾಲದ್ದು, ವಾಕ್ಯಗಳು ಉದ್ದ. ಆದರೂ ಕಥೆ ಚಿಕ್ಕದು, ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಮೊಬೈಲ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಪ್ರೇಮಿಯಾಗಿ ಎಡ್ವರ್ಡ್ ಮೇಲು ಎಂಬುದು ಅಕ್ಕನ ಮಗಳ ತೀರ್ಪು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಒಂದನ್ನೇ ಓದುವುದಾದರೆ ‘ಕಾರ್ಮಿಲ್ಲಾ’ ಓದಿ. ‘ಟ್ವಿಲೈಟ್’ ಬೇಕೇ ಬೇಕು ಎನ್ನುವವರು ಪೀಠಿಕೆಯನ್ನು ಬಿಟ್ಟು ನೇರವಾಗಿ ಮೊದಲ ಅಧ್ಯಾಯಕ್ಕೆ ಹೋಗಿ.